ಹುಡುಕಲು ಹಾಕಿದ ಮುಖ

೧೮ ಜನವರಿ ೨೦೨೫, ಶನಿವಾರ

ಸಂತೆ ದಿನ. ಬೆಳಗ್ಗೆ ಇವರನ್ನು ಎಬ್ಬಿಸಿ, ಮುಖ ತೊಳೆಸಿ, ಗಂಜಿ ಕುಡಿಸಿ, ಕೆಳಗೆ ಸ್ಟುಡಿಯೋದ ಕುರ್ಚಿಗೆ ತಂದು ಕೂರಿಸುವಷ್ಟರಲ್ಲಿ ಒಂಬತ್ತೂವರೆ ಆಯಿತು. ಲಕ್ವ ಹೊಡೆದು ಎರಡು ತಿಂಗಳು. ಬಲಗೈ ಹಾಗೇ ಇದೆ. ಮಾತು ಒಂದೊಂದೇ ಬರುತ್ತದೆ, ಬಂದದ್ದೂ ಅರ್ಧ. ಇಪ್ಪತ್ತೈದು ವರ್ಷ ಶನಿವಾರಸಂತೆ ಸುತ್ತಲ ಮದುವೆಗಳನ್ನೆಲ್ಲ ತೆಗೆದ ಮನುಷ್ಯ, ಈಗ ನಾನು ಕ್ಯಾಮೆರಾ ಹಿಡಿಯುವುದನ್ನು ನೋಡುತ್ತ ಕೂರುತ್ತಾರೆ. ಲೈಟು ತಪ್ಪಾಗಿಟ್ಟರೆ ಎಡಗೈ ಎತ್ತುತ್ತಾರೆ. ನನಗೆ ಸಿಟ್ಟು ಬರುತ್ತದೆ. ಅವರು ಹೇಳಿದ್ದೇ ಸರಿ ಇರುತ್ತದೆ ಅಂತ ಇನ್ನೂ ಸಿಟ್ಟು.

ಸಂತೆಗೆ ಬಂದವರೆಲ್ಲ ಬಾಗಿಲಲ್ಲಿ ಇಣುಕುತ್ತಾರೆ. "ಪುಟ್ಟರಾಜಣ್ಣ ಹೆಂಗವ್ರೆ? ಒಂದಕ್ಕೆ ಎರಡಕ್ಕೆ ಗೊತ್ತಾಯ್ತದಾ?" ಕೇಳುವುದು ನನ್ನನ್ನು, ನೋಡುವುದು ಅವರನ್ನು. ಉತ್ತರ ಹೇಳಿ ಹೇಳಿ ಸಾಕಾಗಿದೆ.

ಮಧ್ಯಾಹ್ನ ವಿಭಾ ಮಗಳನ್ನು ಕರೆದುಕೊಂಡು ಫೋಟೋಕ್ಕೆ ಬಂದಳು. ಹೊಸವರ್ಷದ ದಿನ ನಮ್ಮ ಮಹಡಿಯ ಕೋಣೆಗೆ ಬಾಡಿಗೆಗೆ ಬಂದವಳು. ಮೂವತ್ತು ಇರಬಹುದು. ಬಸ್ ಸ್ಟ್ಯಾಂಡ್ ಹತ್ತಿರ ಬ್ಲೌಸ್ ಹೊಲಿಯುವ ಅಂಗಡಿಯಲ್ಲಿ ಕೆಲಸ. ಮಗಳು ಮಾಳವಿಕಾಗೆ ಐದು ವರ್ಷ. ಗಂಡ ದುಬೈನಲ್ಲಿ ಅಂದಿದ್ದಾಳೆ. ಮಗುವನ್ನು ಯಾರು ಕರೆದುಕೊಂಡು ಹೋಗುತ್ತಾರೋ ಅವರ ಫೋಟೋ ಇರುವ ಕಾರ್ಡು ಶಾಲೆಯಲ್ಲಿ ಕೇಳಿದ್ದಾರಂತೆ. ಮಗುವಿನದು ಸುಲಭವಾಗಿ ಬಂತು. ಇವಳು ಮಾತ್ರ ಸ್ಟೂಲಿನ ಮೇಲೆ ಕೂತು, ಎದ್ದು, ಮತ್ತೆ ಕೂತಳು.

"ಇದು ಬೇರೆಲ್ಲೂ ಹೋಗಲ್ಲ ಅಲ್ವಾ ಅಕ್ಕ?"

"ಎಲ್ಲಿಗೆ ಹೋಗ್ತದೆ? ಈ ಕಂಪ್ಯೂಟರಲ್ಲೇ ಇರ್ತದೆ" ಅಂದೆ.

೨೧ ಜನವರಿ, ಮಂಗಳವಾರ

ಇವರು ಊಟ ಆಗಿ ಮಲಗಿದ್ದಾರೆ. ಗಿರಾಕಿಗಳಿಲ್ಲ.

ಹೋದ ವರ್ಷ ಒಬ್ಬರು ಮಗಳಿಗೆ ಬಂದ ಗಂಡಿನ ಫೋಟೋ ತಂದು, ಇವನು ಯಾರು ಏನು ಅಂತ ಆನ್‌ಲೈನಲ್ಲಿ ನೋಡಿಕೊಡು ಅಂದಿದ್ದರು. ಮುಖ ಹುಡುಕುವ ಸೈಟು ನನಗೆ ಆಗಲೇ ಗೊತ್ತಾದದ್ದು. ಒಂದು ಮುಖ ಹಾಕಿದರೆ ಅದೇ ಮುಖ ಬೇರೆ ಎಲ್ಲೆಲ್ಲಿದೆಯೋ ಹೆಕ್ಕಿ ತೋರಿಸುತ್ತದೆ. ಆ ಗಂಡಿಗೆ ಮೊದಲೇ ಮದುವೆಯಾಗಿದ್ದು ಹಾಗೆ ಹೊರಬಿತ್ತು.

ಇವತ್ತು ವಿಭಾಳ ಫೋಟೋ ಹಾಕಿ ನೋಡಿದೆ. ಮನೆ ಕೊಟ್ಟವಳು ನಾನು, ಯಾರು ಏನು ಅಂತ ತಿಳಿದಿರಬೇಡವೇ. ಮೂರು ವಾರದಲ್ಲಿ ದುಬೈಯಿಂದ ಒಂದು ಫೋನು ಬಂದದ್ದು ಕೇಳಿಲ್ಲ. ಕರಿಮಣಿ ಇಲ್ಲ. ಊರು ಕೇಳಿದರೆ ಮೈಸೂರು ಕಡೆ ಅನ್ನುತ್ತಾಳೆ, ಮುಂದೆ ಏನೂ ಇಲ್ಲ.

ಏನೂ ಸಿಗಲಿಲ್ಲ. ಅವಳ ಹಾಗೆ ಕಾಣುವ ನಾಲ್ಕು ಜನ ಬೇರೆ ಹೆಂಗಸರು, ಅಷ್ಟೆ. ಮುಚ್ಚಿ, ಇವರ ಮಾತ್ರೆಗೆ ನೀರು ಕಾಯಿಸಿದೆ.

೨ ಫೆಬ್ರವರಿ, ಭಾನುವಾರ

ಕುಶಾಲನಗರದಿಂದ ಇವರ ಅಣ್ಣನ ಮಗ ಲೋಹಿತ್ ಬಂದಿದ್ದ. ಚಿಕ್ಕಪ್ಪನ ಪಕ್ಕ ಕೂತು ಕೈ ಹಿಡಿದು ಒಂದು ಸೆಲ್ಫಿ ತೆಗೆದ. ಅವನು ಹೋಗಿ ಹತ್ತು ನಿಮಿಷಕ್ಕೆ ಮನೆಯವರ ಗ್ರೂಪಿನಲ್ಲಿ ಆ ಫೋಟೋ ಬಂತು. ಇವರ ಬಾಯಿ ಒಂದು ಕಡೆಗೆ ಜೋತು, ಜೊಲ್ಲು ಅಂಗಿಯ ಮೇಲೆ. ಕೆಳಗೆ ಮೂವತ್ತು ಜನರ ಕೈಮುಗಿದ ಗುರುತುಗಳು.

ತೋರಿಸಬಾರದಿತ್ತು, ತೋರಿಸಿದೆ. ಇವರು ತುಂಬಾ ಹೊತ್ತು ನೋಡಿದರು. ಆಮೇಲೆ ಗೋಡೆ ಕಡೆಗೆ ಮುಖ ತಿರುಗಿಸಿದರು. ಮಧ್ಯಾಹ್ನ ಊಟ ಮಾಡಲಿಲ್ಲ.

ಲೋಹಿತನಿಗೆ ಫೋನು ಮಾಡಿ, "ಕೇಳ್ದೆ ಹಾಕೋಕೆ ನಿಂಗ್ಯಾರು ಹೇಳಿದ್ರು?" ಅಂತ ಬೈದೆ. "ಪ್ರೀತಿಗೆ ಹಾಕ್ದೆ ಚಿಕ್ಕಮ್ಮ" ಅಂದ. ಪ್ರೀತಿಯಂತೆ. ಕೈಲಾಗದವರ ಮುಖ ಊರಿಗೆಲ್ಲ ಹಂಚುವವರಿಗೆ ಏನು ಹೇಳುವುದು.

೧೧ ಫೆಬ್ರವರಿ, ಮಂಗಳವಾರ

ಮಾಳವಿಕಾ ಶಾಲೆ ಬಿಟ್ಟ ಮೇಲೆ ಇವರ ಹತ್ತಿರ ಕೂತು ಅಕ್ಷರ ಹೇಳಿಸುತ್ತಾಳೆ. "ತಾತ, ಅ ಅನ್ನಿ. ಆ ಅನ್ನಿ." ಇವರು ಹೇಳುತ್ತಾರೆ. ನಾನು ಡಾಕ್ಟರು ಹೇಳಿದ ವ್ಯಾಯಾಮ ಮಾಡಿಸಿದರೆ ಮಾತ್ರ ಹಲ್ಲು ಕಚ್ಚಿ ಕೂರುತ್ತಾರೆ.

೧೯ ಫೆಬ್ರವರಿ, ಬುಧವಾರ

ಹನ್ನೊಂದು ಗಂಟೆಗೆ ಸ್ಟುಡಿಯೋ ನಂಬರಿಗೆ ಒಂದು ಕರೆ. ಗಂಡಸಿನ ದನಿ, ತುಂಬಾ ಮೆದು.

"ಮೇಡಂ, ನಾನು ನವೀನ್‌ಕುಮಾರ್ ಅಂತ, ಮೈಸೂರಿಂದ. ನನ್ನ ಹೆಂಡತಿ ಮಗು ಕಾಣೆಯಾಗಿ ಏಳು ತಿಂಗಳಾಯ್ತು. ಅವಳ ಒಂದು ಫೋಟೋ ಸಿಕ್ಕಿದೆ. ಕೆಳಗೆ ನಿಮ್ಮ ಸ್ಟುಡಿಯೋ ಹೆಸರಿದೆ."

ಎಲ್ಲಿ ಸಿಕ್ಕಿತು ಅಂದೆ.

"ಫೇಸ್ ಸರ್ಚ್ ಸೈಟಲ್ಲಿ. ನಾನು ಪ್ರತಿ ಭಾನುವಾರ ಅವಳ ಫೋಟೋ ಹಾಕಿ ಹುಡುಕ್ತೀನಿ ಮೇಡಂ. ಒಂದು ವಾರನೂ ತಪ್ಪಿಸಿಲ್ಲ."

ಯಾರೋ ಆನ್‌ಲೈನಲ್ಲಿ ಕಳಿಸಿ ಪ್ರಿಂಟ್ ಹಾಕಿಸಿರಬಹುದು, ದಿನಾ ನೂರು ಜನ ಕಳಿಸುತ್ತಾರೆ, ನೆನಪಿಲ್ಲ ಅಂದೆ. "ನಿಧಾನಕ್ಕೆ ನೆನಪು ಮಾಡ್ಕೊಳ್ಳಿ. ಮತ್ತೆ ಮಾಡ್ತೀನಿ" ಅಂದ.

ಫೋನು ಇಟ್ಟು ಆ ಸೈಟು ತೆಗೆದು ನೋಡಿದೆ. ಇದೆ. ಪ್ರಿಂಟಿಗೆ ಮೊದಲು ಗಿರಾಕಿಗೆ ತೋರಿಸುವ ಪ್ರತಿಯನ್ನೇ ಹಾಕಿದ್ದೆ. ಅದರ ಅಡಿಯಲ್ಲಿ ಅಂಗಡಿಯ ಹೆಸರು, ಫೋನ್ ನಂಬರು, ಶನಿವಾರಸಂತೆ ಅಂತ ಊರಿನ ಹೆಸರು. ಸೈಟಿನ ಕೆಳಗೆ ಇರುವೆಯಷ್ಟು ಚಿಕ್ಕ ಅಕ್ಷರದಲ್ಲಿ, ನೀವು ಹಾಕಿದ ಚಿತ್ರವನ್ನು ಇಟ್ಟುಕೊಂಡು ಬೇರೆಯವರ ಹುಡುಕಾಟದಲ್ಲೂ ತೋರಿಸಬಹುದು ಅಂತ ಇದೆ. ಅದರ ಎದುರು ಒಪ್ಪಿಗೆಯ ಗುರುತು ಅವರೇ ಹಾಕಿಟ್ಟಿದ್ದಾರೆ, ಬೇಡದಿದ್ದರೆ ನಾವು ತೆಗೆಯಬೇಕು. ನಾನು ಓದಿರಲಿಲ್ಲ.

ಹುಡುಕಲು ಹಾಕಿದ ಫೋಟೋ ಹುಡುಕಿದ ಮೇಲೆ ಹೊರಟುಹೋಗುತ್ತದೆ ಅಂದುಕೊಂಡಿದ್ದೆ.

೨೦ ಫೆಬ್ರವರಿ, ಗುರುವಾರ

ಹೇಳಲಿಲ್ಲ. ವಿಭಾಳಿಗೆ ಅಂಗಡಿಯಲ್ಲಿ ಮದುವೆ ಬ್ಲೌಸುಗಳ ಅವಸರ. ಪಾಪ ಅವನಾದರೂ ಏಳು ತಿಂಗಳಿಂದ ಮಗುವನ್ನು ಹುಡುಕುತ್ತಿದ್ದಾನೆ. ಗಂಡ ಹೆಂಡಿರ ಜಗಳ ಯಾರಿಗೆ ಗೊತ್ತು.

೨೧ ಫೆಬ್ರವರಿ, ಶುಕ್ರವಾರ

ಇವತ್ತೂ ಇಲ್ಲ. ಇವರಿಗೆ ಜ್ವರ.

೨೩ ಫೆಬ್ರವರಿ, ಭಾನುವಾರ

ಹೇಳಿದೆ.

ಮಹಡಿಯ ಮೆಟ್ಟಿಲ ಮೇಲೆ ಕೂತು ಮಗಳ ತಲೆ ಬಾಚುತ್ತಿದ್ದಳು. ನಾನು ಎರಡು ಮೆಟ್ಟಿಲು ಕೆಳಗೆ ನಿಂತು, ನವೀನ್‌ಕುಮಾರ್ ಅನ್ನುವವರು ಫೋನ್ ಮಾಡಿದ್ದರು ಅಂದೆ. ಬಾಚಣಿಗೆ ನಿಂತಿತು. ಮಗುವಿಗೆ, "ತಾತನ ಹತ್ರ ಹೋಗು ಪುಟ್ಟಿ" ಅಂದಳು. ಮಗು ಇಳಿದು ಹೋದದ್ದನ್ನು ಬಗ್ಗಿ ನೋಡಿಕೊಂಡಳು.

ನಾನು ಎಲ್ಲ ಹೇಳಿದೆ. ಕುತೂಹಲಕ್ಕೆ ಹಾಕಿದೆ ಅಂತಲೂ ಹೇಳಿದೆ. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ.

"ಯಾವತ್ತು ಹಾಕಿದ್ರಿ?"

"ಜನವರಿ ಇಪ್ಪತ್ತೊಂದು."

"ಫೋನ್ ಯಾವತ್ತು ಬಂತು?"

"ಬುಧವಾರ."

"ಇವತ್ತು ಭಾನುವಾರ" ಅಂದಳು.

ಅಳಲಿಲ್ಲ, ಕೂಗಾಡಲಿಲ್ಲ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. ಅವಳೇ ಹೇಳಿದಳು. "ಅವನನ್ನ ಕೆಟ್ಟವನು ಅಂತ ಯಾರೂ ಹೇಳಲ್ಲ ಅಕ್ಕ. ನಮ್ಮಪ್ಪ ಅಮ್ಮನೂ ಹೇಳಲ್ಲ. ಮನೆಗೆ ಬಂದವರಿಗೆ ಅವನೇ ಕಾಫಿ ಮಾಡ್ತಾನೆ. ಅವರು ಹೋದ ಮೇಲೆ ಬಾಗಿಲು ಹಾಕ್ತಾನೆ." ಚೂಡಿದಾರದ ತೋಳು ಮೇಲಕ್ಕೆ ಸರಿಸಿ ತೋರಿಸಿದಳು. ಇಸ್ತ್ರಿಪೆಟ್ಟಿಗೆಯ ಮೂತಿಯ ಆಕಾರ ಮೊಣಕೈ ಹತ್ತಿರ ಹಾಗೇ ಕೂತಿದೆ. ಮೊದಲು ಹಾಸನದಲ್ಲಿದ್ದಳಂತೆ. ಅಲ್ಲಿ ಶಾಲೆಯವರು ವಾರ್ಷಿಕೋತ್ಸವದ ಫೋಟೋ ಹಾಕಿದ್ದರು, ಮಗುವಿನ ಪಕ್ಕ ಇವಳು ನಿಂತಿದ್ದಳು. ಹದಿನೈದು ದಿನದಲ್ಲಿ ಅವನು ಬಾಗಿಲಿಗೆ ಬಂದಿದ್ದ. ಮತ್ತೆ ತಪ್ಪಿಸಿಕೊಂಡು ಇಲ್ಲಿಗೆ ಬಂದದ್ದು.

"ಆವತ್ತು ನಿಮ್ಮನ್ನ ಕೇಳಿದ್ದೆ ಅಲ್ವಾ ಅಕ್ಕ, ಬೇರೆಲ್ಲೂ ಹೋಗಲ್ಲ ಅಲ್ವಾ ಅಂತ."

ಹೌದು ಅಂದೆ.

ಕೆಳಗೆ ಬಂದರೆ ಮಗು ಇವರಿಗೆ ಇ, ಈ ಹೇಳಿಸುತ್ತಿತ್ತು. ಬಚ್ಚಲಿಗೆ ಹೋಗಿ ನೀರು ಬಿಟ್ಟುಕೊಂಡು ನಿಂತೆ.

೨೪ ಫೆಬ್ರವರಿ, ಸೋಮವಾರ

ಬೆಳಗ್ಗೆ ಅವಳು ಬಟ್ಟೆ ಕಟ್ಟಿದ್ದಳು. ಎಲ್ಲಿಗೆ ಅಂದರೆ ಗೊತ್ತಿಲ್ಲ ಅಂದಳು. ಬಸ್ಸು ಹತ್ತುವ ಮೊದಲು ಒಂದು ಸಲ ಸ್ಟೇಷನ್ನಿಗೆ ಹೋಗೋಣ ಅಂದೆ. "ಹಾಸನದಲ್ಲಿ ಹೋಗಿದ್ದೆ. ರಾಜಿ ಮಾಡ್ಕೊಳ್ಳಮ್ಮ ಅಂದ್ರು." ನಾನೂ ಬರುತ್ತೇನೆ, ತಪ್ಪು ಮಾಡಿದವಳು ನಾನು, ನನ್ನ ಹೆಸರಲ್ಲೇ ಮೊದಲು ಬರೆದುಕೊಡುತ್ತೇನೆ ಅಂದೆ. ಒಪ್ಪಿದಳೋ ಸುಸ್ತಾಗಿ ಸುಮ್ಮನಾದಳೋ ತಿಳಿಯಲಿಲ್ಲ. ಬಂದಳು.

ಹೆಡ್ ಕಾನ್ಸ್‌ಟೇಬಲ್ ನಾಣಯ್ಯ ನಮಗೆ ಪರಿಚಯ. ಅವರ ಮಗಳ ಮದುವೆಯ ಆಲ್ಬಮ್ ಇವರೇ ಮಾಡಿದ್ದು. ಪೂರ್ತಿ ಕೇಳಿದರು. ನಡುವೆ ಒಂದೇ ಸಲ ನನ್ನ ಕಡೆ ನೋಡಿ, "ಓದ್ದೆ ಒತ್ತಿದ್ರಾ ಉಷಾರಾಣಿಯವ್ರೆ?" ಅಂದರು. ಸೈಬರ್ ದೂರನ್ನು ಆನ್‌ಲೈನಲ್ಲಿ ಹಾಕಿಕೊಟ್ಟರು. ಕಷ್ಟದಲ್ಲಿರುವ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರದ ಮೇಡಂಗೆ ಫೋನು ಮಾಡಿದರು. ಕೋರ್ಟಿನಿಂದ ಅವನು ಹತ್ತಿರ ಬಾರದ ಹಾಗೆ ಆದೇಶ ಕೇಳಬಹುದಂತೆ. ಆದರೆ ಅದಕ್ಕೆ ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಈ ಮನೆಯಲ್ಲಿ ಇರುವುದು ಬೇಡ. "ಅವ್ನು ಬಂದ್ರೆ ನಂಗೊಂದು ಮಿಸ್ ಕಾಲ್ ಕೊಡಿ. ಜಗಳ ಆಡೋಕೆ ಹೋಗ್ಬೇಡಿ."

ನನ್ನ ಹಳೆಯ ಸ್ನೇಹಿತೆ ಕಾವೇರಮ್ಮ ನರ್ಸ್ ಆಗಿ ರಿಟೈರಾದವಳು, ಒಬ್ಬಳೇ ಇದ್ದಾಳೆ. ಫೋನು ಮಾಡಿದೆ. "ಕಳ್ಸು. ನಾಯಿ ಕಚ್ಚಲ್ಲ, ನಾನೂ ಕಚ್ಚಲ್ಲ" ಅಂದಳು. ಮೂರು ಗಂಟೆಗೆ ಹೋದರು. ಅವಳ ಮನೆ ಎಲ್ಲಿ ಅಂತ ಇಲ್ಲಿ ಬರೆಯುವುದಿಲ್ಲ. ಇದೂ ಯಾರ ಕೈಗಾದರೂ ಸಿಕ್ಕರೆ ಕಷ್ಟ.

ಹೋಗುವಾಗ ಮಗು ತಾತನಿಗೆ ಟಾಟಾ ಮಾಡಿತು. ವಿಭಾ ನನ್ನ ಕಡೆ ನೋಡಲಿಲ್ಲ.

೧ ಮಾರ್ಚ್, ಶನಿವಾರ

ಅವನು ಬಂದಿದ್ದ. ಮರೆಯುವ ಮೊದಲು ಬರೆದಿಡಬೇಕು.

ಹನ್ನೆರಡು ಗಂಟೆ, ಸಂತೆಯ ಗಿಜಿಗಿಜಿ. ಬಿಳಿ ಅಂಗಿ, ಚೆನ್ನಾಗಿ ಬಾಚಿದ ತಲೆ, ಕೈಯಲ್ಲಿ ಮೂಸಂಬಿ ಚೀಲ. "ನಾನೇ ಮೇಡಂ, ನವೀನ್‌ಕುಮಾರ್" ಅಂದ. ಇವರನ್ನು ನೋಡಿ, "ಅಯ್ಯೋ, ಸರ್‌ಗೆ ಏನಾಯ್ತು?" ಅಂತ ನೇರ ಹೋಗಿ ಅವರ ಪಕ್ಕದ ಸ್ಟೂಲಿನಲ್ಲಿ ಕೂತ. ಚೀಲ ಅವರ ಮಡಿಲಲ್ಲಿಟ್ಟ. ಅವನ ತಂದೆಗೂ ಹೀಗೇ ಆಗಿತ್ತಂತೆ. ಯಾವ ಎಣ್ಣೆ ತಿಕ್ಕಬೇಕು, ಹೇಗೆ ತಿಕ್ಕಬೇಕು ಅಂತ ಹೇಳಿಕೊಟ್ಟ. ಇಷ್ಟು ದಿನದಲ್ಲಿ ಬಾಗಿಲಲ್ಲಿ ಇಣುಕಿದವರು ಯಾರೂ ಇವರ ಪಕ್ಕ ಕೂತಿರಲಿಲ್ಲ. ಸುಳ್ಳು ಯಾಕೆ ಬರೆಯಲಿ, ನನ್ನ ಮನಸ್ಸು ಒಂದು ಕ್ಷಣ ಅವನ ಕಡೆಗೆ ವಾಲಿತು. ವಿಭಾಳ ತೋಳು ನೋಡಿದವಳಿಗೇ ಹೀಗಾಯಿತು.

ಫೋನು ತೆಗೆದು ಆಲ್ಬಮ್ ತೋರಿಸಿದ. ಮದುವೆ, ನಾಮಕರಣ, ಬೃಂದಾವನ, ಯಾರದೋ ಗೃಹಪ್ರವೇಶ. ಇವರಿಗೂ ಕಾಣುವ ಹಾಗೆ ಹಿಡಿದಿದ್ದ. "ನೋಡಿ ಸರ್, ಎಷ್ಟು ಚೆನ್ನಾಗಿದ್ವಿ."

ಇವರು ಬಗ್ಗಿ ನೋಡುತ್ತಿದ್ದರು. ಒಂದಾದ ಮೇಲೊಂದು. ಆಮೇಲೆ ನನ್ನ ಕಡೆ ತಿರುಗಿ, "ಕೈ" ಅಂದರು.

ಬಲಗೈ ಜಾರಿರಬೇಕು ಅಂತ ಹೋಗಿ ಎತ್ತಿ ಮಡಿಲಲ್ಲಿಟ್ಟೆ. ತಲೆ ಆಡಿಸಿದರು. ಎಡಗೈ ಬೆರಳನ್ನು ಫೋನಿನ ಮೇಲೆ ಒತ್ತಿ ಮತ್ತೆ ಹೇಳಿದರು. "ಕೈ. ಕೈ."

ಆಗ ನೋಡಿದೆ. ಎಲ್ಲ ಫೋಟೋದಲ್ಲೂ ಅವನ ಕೈ ಅವಳ ಕತ್ತಿನ ಹಿಂದಿದೆ. ಹೆಗಲ ಮೇಲಲ್ಲ, ಕತ್ತಿನ ಹಿಂದೆ. ಬೆರಳ ತುದಿ ಕಿವಿಯ ಕೆಳಗೆ ಕಾಣುತ್ತದೆ. ನಾಮಕರಣದ ಫೋಟೋದಲ್ಲಿ ಅವಳು ಎರಡೂ ಕೈಯಲ್ಲಿ ಮಗುವನ್ನು ಹಿಡಿದು ನಗುತ್ತಿದ್ದಾಳೆ, ಕತ್ತು ಒಂದು ಚೂರೂ ಆಚೀಚೆ ಆಗದ ಹಾಗೆ ನಿಂತಿದ್ದಾಳೆ. ಇಪ್ಪತ್ತೈದು ವರ್ಷ ಗಂಡ ಹೆಂಡಿರನ್ನು ನಿಲ್ಲಿಸಿ, ಕೈ ಇಲ್ಲಿಡಿ ಅಲ್ಲಿಡಿ ಅಂದವರ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ.

"ಸರ್ ಏನಂತಾರೆ?" ಅಂತ ಕೇಳಿದ.

"ಕೈ ನೋವು ಅಂತಾರೆ. ಮಾತ್ರೆ ಹೊತ್ತು" ಅಂದೆ. ಮತ್ತೆ ನಾನೇ ಮಾತು ತೆಗೆದೆ. "ನೋಡಪ್ಪ, ನೆನಪಾಯ್ತು. ಆ ಹೆಂಗಸು ಇಲ್ಲಿ ಫೋಟೋ ತೆಗೆಸ್ಕೊಂಡಿದ್ದು ನಿಜ. ಸುಮಾರು ದಿನ ಆಯ್ತು. ಕೇರಳಕ್ಕೆ ಹೋಗೋ ಬಸ್ಸು ಕೇಳ್ತಿದ್ಲು. ವಿರಾಜಪೇಟೆಗೆ ಹೋದ್ರೆ ಮಾಕುಟ್ಟದ ಗಡಿ ದಾಟೋ ಬಸ್ ಸಿಗ್ತದೆ ಅಂತ ನಾನೇ ಹೇಳ್ದೆ."

"ಮಾಕುಟ್ಟ" ಅಂತ ಫೋನಿನಲ್ಲಿ ಬರೆದುಕೊಂಡ.

ಮಾತ್ರೆಗೆ ನೀರು ತರುತ್ತೇನೆ ಅಂತ ಒಳಗೆ ಹೋಗಿ ನಾಣಯ್ಯನವರಿಗೆ ಮಿಸ್ ಕಾಲ್ ಕೊಟ್ಟೆ. ಸಂತೆ ಡ್ಯೂಟಿಯಲ್ಲಿ ಹತ್ತಿರವೇ ಇದ್ದರು. ಅವರು ಒಳಗೆ ಬಂದು ಅವನ ಹೆಸರು, ವಿಳಾಸ ಕೇಳಿದಾಗಲೂ ಅವನ ದನಿ ಏರಲಿಲ್ಲ. "ಒಂದ್ನಿಮಿಷ ಸ್ಟೇಷನ್‌ಗೆ ಬನ್ನಿ, ನಿಮ್ಮ ಮೇಲೆ ಅರ್ಜಿ ಇದೆ" ಅಂದರು. ಎದ್ದ. ಇವರ ಮಡಿಲಿನ ಮೂಸಂಬಿ ಚೀಲವನ್ನು ವಾಪಸ್ ತೆಗೆದುಕೊಂಡ. ನನ್ನ ಪಕ್ಕ ಹಾದು ಹೋಗುವಾಗ ನಿಧಾನವಾಗಿ ಹೇಳಿದ. "ಅಂಗಡಿ ಹೆಸರು ಫೋಟೋದ ಕೆಳಗೇ ಇದೆ ಮೇಡಂ. ನಾನು ಮರೆಯಲ್ಲ."

ಅವನು ಹೋದ ಮೇಲೆ ಇವರ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟೆ. ಇವರು ಎಡಗೈ ನನ್ನ ತಲೆಯ ಮೇಲಿಟ್ಟರು. ಗಿರಾಕಿಗಳು ಬಂದು ನಿಂತಿದ್ದರು. ಒಂದು ನಿಮಿಷ ಕಾಯಿರಿ ಅಂದೆ.

೪ ಮಾರ್ಚ್, ಮಂಗಳವಾರ

ಸ್ಟೇಷನ್ನಿನಲ್ಲಿ ಹೇಳಿಕೆ ಬರೆಸಿಕೊಂಡು, ಎಚ್ಚರಿಕೆ ಕೊಟ್ಟು ಕಳಿಸಿದ್ದಾರೆ. ಅಷ್ಟೇ ಸಾಧ್ಯವಂತೆ, ಆದೇಶ ಬರುವವರೆಗೆ. ಅಂಗಡಿಯ ಬಾಗಿಲಲ್ಲಿ ಬಿಳಿ ಅಂಗಿ ಕಂಡರೆ ಫೋನು ಕೈಗೆ ತೆಗೆದುಕೊಳ್ಳುತ್ತೇನೆ.

ಆ ಫೋಟೋ ಅಲ್ಲಿಂದ ತೆಗೆದುಹಾಕಿ ಅಂತ ಸೈಟಿನವರಿಗೆ ಬರೆದಿದ್ದಕ್ಕೆ ಉತ್ತರ ಬಂದಿದೆ. ಫೋಟೋದಲ್ಲಿರುವವರು ತಾವೇ ಅಂತ ತೋರಿಸಲು ಗುರುತಿನ ಚೀಟಿ ಕಳಿಸಬೇಕಂತೆ, ಈಗಿನದೊಂದು ಫೋಟೋವನ್ನೂ. ಮೂರು ಸಲ ಓದಿದೆ. ಕಾವೇರಮ್ಮನ ಫೋನಿಗೆ ಮಾಡಿ ವಿಭಾಳಿಗೆ ಹೇಳಿದೆ. ಅವಳು ನಕ್ಕಳು. ಅವಳು ನಗುವುದನ್ನು ನಾನು ಕೇಳಿದ್ದು ಇದೇ ಮೊದಲು.

"ಒಂದು ಫೋಟೋ ಬಿಡಿಸ್ಕೊಳ್ಳೋಕೆ ಇನ್ನೊಂದು ಒತ್ತೆ ಇಡ್ಬೇಕಾ ಅಕ್ಕ?"

ಕೊಡುವುದು ಬೇಡ ಅಂದೆ. ನಂತರ, "ನಂಗೆ ಗೊತ್ತಿಲ್ಲ. ನೀನು ಹೇಳ್ದಂಗೆ ಮಾಡ್ತೀನಿ" ಅಂದೆ.

ಅದಕ್ಕೆ ಅವಳು ಅಂದಳು. "ಹಾಕಿದ್ದು ನೀವು. ನಿಮ್ಮ ಗುರುತು ಕೊಡಿ."

೧೨ ಮಾರ್ಚ್, ಬುಧವಾರ

ಹಾಗೇ ಮಾಡಿದೆ. ನನ್ನ ಆಧಾರ್ ಕಾರ್ಡಿನ ನಂಬರಿನ ಮೇಲೆ ಕಪ್ಪು ಬಳಿದು, ಹೆಸರು ಮತ್ತು ಮುಖ ಮಾತ್ರ ಉಳಿಸಿ ಕಳಿಸಿದೆ. ಈ ಚಿತ್ರವನ್ನು ಅದರಲ್ಲಿರುವವರ ಒಪ್ಪಿಗೆ ಇಲ್ಲದೆ ಹಾಕಿದವಳು ನಾನು, ಇದರಿಂದ ಒಂದು ತಾಯಿ ಮಗುವಿನ ಜೀವಕ್ಕೆ ಅಪಾಯವಿದೆ ಅಂತ ಕಾವೇರಮ್ಮ ಇಂಗ್ಲಿಷಿನಲ್ಲಿ ಬರೆದುಕೊಟ್ಟಳು. ಪೊಲೀಸ್ ದೂರಿನ ಪ್ರತಿಯನ್ನೂ ಸೇರಿಸಿದೆ. ಉತ್ತರವಿಲ್ಲ. ಇದು ಮೂರನೇ ಸಲ ಕಳಿಸುತ್ತಿರುವುದು. ದಿನಾ ಬೆಳಗ್ಗೆ ಅಂಗಡಿ ತೆಗೆದ ಕೂಡಲೇ ನೋಡುತ್ತೇನೆ. ಅವಳ ಮುಖ ಅಲ್ಲೇ ಇರುತ್ತದೆ.

ಇವರು ಇವತ್ತು ಗೋಡೆ ಹಿಡಿದು ಆರು ಹೆಜ್ಜೆ ನಡೆದರು.

೨೦ ಮಾರ್ಚ್, ಗುರುವಾರ

ಸೈಟಿನಿಂದ ತೆಗೆದಿದ್ದಾರೆ.

ನಾಣಯ್ಯನವರಿಗೆ ಹೇಳಿದರೆ, "ಒಳ್ಳೇದಾಯ್ತು. ಅಷ್ಟ್ರಲ್ಲಿ ಯಾರ್ಯಾರು ಇಳಿಸ್ಕೊಂಡವ್ರೋ" ಅಂದರು. ಗೊತ್ತು. ಆದರೂ ಇವತ್ತು ಹೊಟ್ಟೆ ತುಂಬ ಊಟ ಮಾಡಿದೆ.

೨೩ ಮಾರ್ಚ್, ಭಾನುವಾರ

ಅಂಗಡಿ ಮುಚ್ಚಿ ಇಬ್ಬರೂ ಕಂಪ್ಯೂಟರ್ ಮುಂದೆ ಕೂತಿದ್ದೆವು. ಹತ್ತು ವರ್ಷದ ಪಾಸ್‌ಪೋರ್ಟ್ ಫೋಟೋಗಳು ಹಾಗೇ ಬಿದ್ದಿವೆ. ಹೆಸರು, ಊರು, ಫೋನ್ ನಂಬರು ಸಮೇತ. ಅಳಿಸೋಣವೇ ಅಂದೆ. ಮೊದಲು ಇವರಿಗೆ ಇಷ್ಟವಾಗಲಿಲ್ಲ. ಅವರು ತೆಗೆದವು. ನಾನೂ ಒತ್ತಾಯ ಮಾಡಲಿಲ್ಲ, ಕಾಫಿ ಮಾಡಲು ಎದ್ದೆ. ಬಂದು ನೋಡಿದರೆ ಎಡಗೈಯಲ್ಲಿ ಮೌಸು ಹಿಡಿದು ಅವರೇ ಒಂದೊಂದಾಗಿ ಅಳಿಸುತ್ತಿದ್ದರು. ಎಲ್ಲ ಒಟ್ಟಿಗೇ ಅಳಿಸಬಹುದು ಅಂತ ಅವರಿಗೆ ಗೊತ್ತು. ಆದರೂ ಒಂದೊಂದು ಮುಖವನ್ನೂ ನೋಡಿ ಅಳಿಸಿದರು. ಕೆಲವರ ಹೆಸರನ್ನು ಗಟ್ಟಿಯಾಗಿ ಹೇಳಲು ನೋಡಿದರು. ಸಿದ್ದಣ್ಣ. ಹುಚ್ಚಮ್ಮ. ಪೂರ್ತಿ ಬಂದವು.

೯ ಏಪ್ರಿಲ್, ಬುಧವಾರ

ಹೋದ ವಾರ ಸೋಮವಾರಪೇಟೆ ಕೋರ್ಟಿನಿಂದ ಆದೇಶ ಬಂದಿದೆ. ಅವಳ ಹತ್ತಿರ, ಮಗುವಿನ ಶಾಲೆಯ ಹತ್ತಿರ ಅವನು ಬರಕೂಡದು. ಅವರ ಫೋಟೋ ಎಲ್ಲೂ ಹಾಕಕೂಡದು, ಹುಡುಕಲೂ ಕೂಡದು. ಎಷ್ಟು ಪಾಲಿಸುತ್ತಾನೋ ಗೊತ್ತಿಲ್ಲ. ಜಡ್ಜರ ಮುಂದೆಯೂ ಬಹಳ ಮೆದುವಾಗಿ ಮಾತಾಡಿದ. ವಿಭಾ ತೋಳು ತೋರಿಸಿದಳು. ನಾನೂ ಹೋಗಿ ಸಾಕ್ಷಿ ಹೇಳಿದೆ, ನನ್ನ ತಪ್ಪಿನಿಂದ ಶುರು ಮಾಡಿ.

ಈಗ ಬರೆಯಬಹುದು, ಮೂರ್ನಾಡಿನ ಕಾವೇರಮ್ಮನ ಮನೆಯಿಂದ ಅವರು ಹೊರಟು ನಾಲ್ಕು ದಿನವಾಯಿತು. ಇವತ್ತು ಸಂಜೆ ನಾನು ಚಪಾತಿ ಲಟ್ಟಿಸುವಾಗ ಹೊಸ ನಂಬರಿಂದ ಫೋನು ಬಂತು.

"ಅಕ್ಕ, ನಾನು."

"ಹೇಳವ್ವ."

"ಕೆಲಸ ಸಿಕ್ತು. ಒಂದು ಗಾರ್ಮೆಂಟ್ಸಲ್ಲಿ. ಪುಟ್ಟಿನ ಶಾಲೆಗೆ ಸೇರಿಸ್ದೆ, ಫೋಟೋ ಕಾರ್ಡ್ ಬೇಡ ಅಂತ ಆದೇಶದ ಕಾಪಿ ತೋರಿಸ್ದೆ, ಒಪ್ಪಿದ್ರು." ಮತ್ತೆ ಅವಳೇ ಅಂದಳು. "ನಿಮ್ಮ ಮೇಲೆ ಕೋಪ ಪೂರ್ತಿ ಹೋಗಿಲ್ಲ ಅಕ್ಕ. ಆದ್ರೂ ನಿಮಗೆ ಹೇಳ್ಬೇಕು ಅನ್ನಿಸ್ತು. ಈಗ ನಾವಿರೋದು..."

"ಬೇಡ" ಅಂದೆ. "ಊರಿನ ಹೆಸರು ಹೇಳ್ಬೇಡ."

"ಸರಿ ಅಕ್ಕ" ಅಂದಳು. ಮಗು ಫೋನು ಕಿತ್ತುಕೊಂಡು, ತಾತ ಎಲ್ಲಿಯವರೆಗೆ ಕಲಿತರು ಅಂತ ಕೇಳಿತು. ಕ, ಖ ವರೆಗೆ ಅಂದೆ. ಗ ಹೇಳಿಸಿ ಅಂದಿತು.

ಇವರು ಗೋಡೆ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದಿದ್ದರು.

"ವಿಭಾ?" ಅಂದರು.

"ಹೂಂ."

"ಎಲ್ಲಿ?"

"ಗೊತ್ತಿಲ್ಲ. ಚೆನ್ನಾಗವ್ಳೆ."

ತಲೆಯಾಡಿಸಿದರು. ಬೆಂಚಿನ ಮೇಲೆ ಕೂರಿಸಿ, ಚಪಾತಿ ಚೂರು ಮಾಡಿ ತಟ್ಟೆಗೆ ಹಾಕಿಕೊಟ್ಟೆ. ಎಡಗೈಯಲ್ಲಿ ತಾವೇ ತಿಂದರು.